ಕೆಂಚಮ್ಮ ಕೋವಿ ಕಾನೂನು ಕೇಳಲು ಹೋದದ್ದು

ನಮ್ಮ ಶ್ರೀರಾಂಪುರದ ಬೀದಿಯಲ್ಲಿ ಎಮ್ಮೆಲ್ಲೆಯವರ ಕಚೇರಿ ಮೆಟ್ಟಿಲು ಹತ್ತದವರು ಯಾರಿದ್ದಾರೆ? ಒಬ್ಬರಿಗೆ ಚರಂಡಿ ಕಟ್ಟಿಕೊಂಡಿರುತ್ತದೆ, ಇನ್ನೊಬ್ಬರಿಗೆ ವರ್ಗಾವಣೆ ಬೇಕಿರುತ್ತದೆ, ಮತ್ತೊಬ್ಬರಿಗೆ ಮೊಮ್ಮಗನ ಸ್ಕೂಲು ಸೀಟು. ಕಾನೂನು ಬೇಕು ಎಂದು ಹೋದವಳು ಮಾತ್ರ ಪಕ್ಕದ ಮನೆಯ ಕೆಂಚಮ್ಮ ಒಬ್ಬಳೇ. ಅವಳ ಜೊತೆ ಹೋಗಿ ಆ ಕಚೇರಿಯ ಬೆಂಚು ಸವೆಸಿದವಳು ನಾನು. ನನಗೆ ಬೇರೆ ಕೆಲಸವಿರಲಿಲ್ಲ ಎಂದಲ್ಲ, ಅವಳ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ.

ಕೆಂಚಮ್ಮ ಕುವೆಂಪುನಗರದ ಒಂದು ಲೇಡೀಸ್ ಪೀಜಿಯಲ್ಲಿ ಅಡುಗೆ ಮಾಡುತ್ತಾಳೆ. ಗಂಡ ಜವರಪ್ಪ ಸ್ಕೂಲ್ ವ್ಯಾನು ಓಡಿಸುತ್ತಿದ್ದ. ಮಗಳು ಭವ್ಯಶ್ರೀಯ ಬೀಗರೂಟದ ದಿನ ಅವನ ಎಡಗಣ್ಣು ಹೋಯಿತು, ಅಂದಿಗೆ ವ್ಯಾನೂ ಹೋಯಿತು. ಅಳಿಯ ನಿಶಾಂತನ ಚಿಕ್ಕಪ್ಪ ಚೆಲುವರಾಜು ಎಂಬ ಮಹಾನುಭಾವ ಬೀಗರನ್ನು ಎದುರುಗೊಳ್ಳಲು ಕೋವಿ ಹಾರಿಸಿದ. ಗುಂಡು ಶಾಮಿಯಾನದ ಪಕ್ಕದ ಮನೆಯ ಸಿಮೆಂಟ್ ಶೀಟಿಗೆ ಬಡಿಯಿತು, ಶೀಟಿನ ಚೂರು ಹಾರಿ ಜವರಪ್ಪನ ಕಣ್ಣಿಗೆ ನೆಟ್ಟಿತು. ಆ ಕೋವಿ ಹೊಲಕ್ಕೆ ಹಂದಿ ನುಗ್ಗುತ್ತಿದ್ದ ಕಾಲದಲ್ಲಿ ಬೆಳೆ ಕಾಯಲೆಂದು ಲೈಸೆನ್ಸು ಪಡೆದದ್ದು. ಈಗ ಹೊಲವೆಲ್ಲ ಸೈಟಾಗಿದೆ, ಹಂದಿ ಓಡಾಡಿದ ಕಡೆ ಎರಡಂತಸ್ತಿನ ಮನೆಗಳೆದ್ದಿವೆ. ಕೆಲಸವಿಲ್ಲದ ಕೋವಿಗೆ ಮದುವೆ, ಮುಂಜಿಯೇ ಗತಿ. ಅರಮನೆಯಲ್ಲಿ ದಸರೆಗೆ ಕುಶಾಲತೋಪು ಹಾರಿಸುವುದಿಲ್ಲವೇ, ನಮ್ಮ ಮನೆಗೆ ಒಂದಾದರೂ ಬೇಡವೇ ಎಂದು ಅವನು ಆಮೇಲೂ ವಾದಿಸಿದನಂತೆ.

ಪಟಾಕಿ ಸಿಡಿದು ಕಣ್ಣು ಹೋಯಿತೆಂದು ಆಸ್ಪತ್ರೆಯಲ್ಲಿ ಹೇಳಿದರು. ಹೇಳಿಸಿದ್ದು ಬೀಗರು, ಹೇಳಿದ್ದು ಕೆಂಚಮ್ಮನೇ. ಮಗಳ ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ, ಆ ಮನೆಯವರನ್ನು ಸ್ಟೇಷನ್ನಿಗೆ ಎಳೆದರೆ ಮಗಳು ಬಾಳುವುದೆಲ್ಲಿ? ಹಿರಿಯರು ಕೂತು ರಾಜಿ ಮಾಡಿದರು. ರಾಜಿ ಎಂದರೆ ಹೆಣ್ಣಿನ ಕಡೆಯವರು ಬಾಯಿ ಮುಚ್ಚುವುದು.

ಭವ್ಯಶ್ರೀ ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಬೀಗರ ಮನೆಯಿಂದ ಸುದ್ದಿ ಬಂತು. ಗಂಡು ಮಗುವಿನ ನಾಮಕರಣ ಭರ್ಜರಿಯಾಗಿ ಆಗಬೇಕು, ಚೆಲುವರಾಜು ಕೋವಿ ಒರೆಸಿ ಇಟ್ಟಿದ್ದಾನೆ. ಅಂದಿನಿಂದ ಕೆಂಚಮ್ಮನಿಗೆ ನಿದ್ದೆಯಿಲ್ಲ. ಎಳೆ ಮಗುವಿನ ತಲೆಯ ಮೇಲೆ ಗುಂಡು ಹಾರುವುದನ್ನು ತಡೆಯಬೇಕು, ಆದರೆ ತಡೆದವಳು ತಾನು ಎಂದು ಗೊತ್ತಾಗಬಾರದು. ಅದಕ್ಕೆ ಅವಳು ಕಂಡುಕೊಂಡ ದಾರಿ ಇದು. ಎಲೆಕ್ಷನ್ ಬಂದಾಗ ಲೈಸೆನ್ಸಿನ ಕೋವಿಗಳನ್ನೆಲ್ಲ ಸ್ಟೇಷನ್ನಿನಲ್ಲಿ ಇಡಿಸುತ್ತಾರಲ್ಲ, ಹಾಗೆಯೇ ಮನೆಯಲ್ಲಿ ಶುಭಕಾರ್ಯವಿದ್ದಾಗಲೂ ಇಡಬೇಕೆಂದು ಎಮ್ಮೆಲ್ಲೆ ಕಾನೂನು ಮಾಡಿಬಿಡಲಿ. ಅದೂ ನಾಮಕರಣ ಬರುವುದರೊಳಗೆ. ಬೀದಿಗೆ ಬೋರ್‌ವೆಲ್ ಹಾಕಿಸಿದವರಿಗೆ ಕಾನೂನು ಯಾವ ಲೆಕ್ಕ ಎಂದುಕೊಂಡಿದ್ದಳು. ನಾನು ನಗಲಿಲ್ಲ. ಅವಳ ಯೋಚನೆ ವಿಧಾನಸೌಧದಲ್ಲಿ ಕೂತವರಿಗೆ ಯಾಕೆ ಹೊಳೆದಿಲ್ಲ ಎಂದು ನನಗೇ ಸಿಟ್ಟು ಬಂತು.

ಮೊದಲ ಸಲ ಹೋದಾಗ ಎಮ್ಮೆಲ್ಲೆಯವರ ಆಪ್ತ ಸಹಾಯಕ ಸಾಗರ್ ಎದುರಾದ. ಕೋವಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಅವನಿಗೆಲ್ಲಿ? ಕೋವಿಯ ವಿಷಯಕ್ಕೆ ಬರುವವರಿಗೆಲ್ಲ ಬೇಕಾಗುವುದು ಲೈಸೆನ್ಸಿನ ಶಿಫಾರಸು. ಆಧಾರ್ ಕಾರ್ಡಿನ ಜೆರಾಕ್ಸು ಈಸಿಕೊಂಡು ಸಂಜೆಗೆ ಬನ್ನಿ ಎಂದ. ಸಂಜೆ ಕೈಗೆ ಕೊಟ್ಟದ್ದು, ಶ್ರೀಮತಿ ಕೆಂಚಮ್ಮನವರಿಗೆ ಆತ್ಮರಕ್ಷಣೆಗಾಗಿ ಬಂದೂಕು ಪರವಾನಗಿ ನೀಡಬಹುದು ಎಂಬ ಪತ್ರ. ಸೌಟು ಹಿಡಿಯುವ ಕೈಗೆ ಬಂದೂಕು. ಜವರಪ್ಪ ಅದನ್ನು ಇದ್ದ ಒಂದು ಕಣ್ಣಿನ ಹತ್ತಿರ ಹಿಡಿದು ಓದಿ, ಮಡಿಸಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದ.

ಮತ್ತೆ ಹೋದೆವು. ಸಾಹೇಬರು ಬೆಂಗಳೂರಿಗೆ ಹೋಗಿದ್ದರು. ಮತ್ತೊಮ್ಮೆ ಹೋದಾಗ ಯಾರದೋ ಸಾವಿಗೆ ಹೋಗಿದ್ದರು. ಪ್ರತಿ ಸಲವೂ ಕೆಂಚಮ್ಮ ಪೀಜಿಯ ಬೆಳಗಿನ ತಿಂಡಿ ಮುಗಿಸಿ, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಬರುತ್ತಿದ್ದಳು. ಬೆಂಚಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದಳು. ನನಗಂತೂ ಸಾಕಾಗಿತ್ತು.

ಕೊನೆಯ ಸಲ ಭವ್ಯಶ್ರೀ ತಾನೂ ಬರುತ್ತೇನೆಂದಳು. ಬಾಣಂತಿ ಹೊಸಲು ದಾಟಬಾರದು ಎಂದು ತಾಯಿ ಗೋಳಾಡಿದಳು. ಅವಳು ಮಗುವನ್ನು ಅಪ್ಪನ ತೊಡೆಯ ಮೇಲೆ ಮಲಗಿಸಿ, ತಲೆಗೆ ಸ್ಕಾರ್ಫು ಬಿಗಿದು, ಆಟೋ ಹತ್ತಿ ಕೂತೇಬಿಟ್ಟಳು.

ಅಂದು ಎಮ್ಮೆಲ್ಲೆ ಸಿಕ್ಕರು. ಸುಳ್ಳು ಯಾಕೆ ಹೇಳಲಿ, ಆ ಮನುಷ್ಯ ಪೂರ್ತಿ ಕೇಳಿಸಿಕೊಂಡರು. ಎಲೆಕ್ಷನ್ನಿನ ಉಪಾಯ ಚೆನ್ನಾಗಿದೆ, ಪೊಲೀಸ್ ಇಲಾಖೆಗೆ ಬರೆಯುತ್ತೇನೆ ಎಂದರು. ಬಂದೂಕಿನ ಕಾನೂನು ದೆಹಲಿಯವರ ಕೈಲಿದೆ, ತಾವು ಮಾಡುವಂಥದ್ದಲ್ಲ ಎಂದೂ ತಿಳಿಸಿ ಹೇಳಿದರು.

“ಸಮಾರಂಭದಲ್ಲಿ ಹಿಂಗೆ ಹಾರಿಸಿ ಜನರ ಪ್ರಾಣಕ್ಕೆ ಅಪಾಯ ತಂದ್ರೆ ಜೈಲು ಅಂತ ಈಗ್ಲೇ ಕಾನೂನದೆ ಕಣಮ್ಮ. ಕಂಪ್ಲೇಂಟ್ ಕೊಡೋರಿಲ್ಲ ಅಷ್ಟೇ. ನಿಮ್ಮೆಜಮಾನ್ರ ಕಣ್ಣು ಕಳೆದೋನ ಹೆಸರೇಳಿ, ಈಗ್ಲೇ ಇನ್ಸ್‌ಪೆಕ್ಟರ್‌ಗೆ ಫೋನ್ ಮಾಡ್ತೀನಿ.”

ಕೆಂಚಮ್ಮನ ಮುಖ ಬಿಳಿಚಿಕೊಂಡಿತು. “ಹೆಸರು ಬ್ಯಾಡಿ ಸಾರ್,” ಎಂದಳು. “ಹೆಸರಿಲ್ದಂಗೆ, ಎಲ್ಲಾರ್ಗೂ ಆಗೋ ಅಂಗೆ ಮಾಡ್ಬುಡಿ.”

ಹೆಸರಿಲ್ಲದೆ ಆಗದು ಎಂದು ಎಮ್ಮೆಲ್ಲೆ ಕೈಚೆಲ್ಲಿದರು. ಹೊರಗೆ ಬೇರೆಯವರು ಕಾಯುತ್ತಿದ್ದರು, ಸಾಗರ್ ಬಾಗಿಲಲ್ಲಿ ಗಡಿಯಾರ ನೋಡಿಕೊಳ್ಳುತ್ತಿದ್ದ. ಕೆಂಚಮ್ಮ ಕೈ ಮುಗಿದು ಎದ್ದಳು. ಇಷ್ಟು ದಿನ ಅಲೆದದ್ದು ಇಷ್ಟಕ್ಕೇ ಎಂದು ನಾನೂ ಎದ್ದೆ. ಭವ್ಯಶ್ರೀ ಏಳಲಿಲ್ಲ.

“ಚೆಲುವರಾಜು ಅಂತ ಸಾರ್, ನಮ್ ಮಾವನ ತಮ್ಮ. ಕಂಪ್ಲೇಂಟ್ ನಾನೇ ಬರ್ಕೊಡ್ತೀನಿ.”

ತಾಯಿ ಅವಳ ಬಾಯಿಗೆ ಕೈ ಅಡ್ಡ ಹಿಡಿಯಲು ಹೋದಳು. ಮಗಳು ಆ ಕೈಯನ್ನು ಮೆಲ್ಲಗೆ ಇಳಿಸಿದಳು.

ಮಾರನೆಯ ದಿನವೇ ಕೋವಿ ಸ್ಟೇಷನ್ ಸೇರಿತು. ಅಂದು ಸಂಜೆ ನಿಶಾಂತ್ ಫೋನು ಮಾಡಿ, ಕೇಸು ವಾಪಸು ತೆಗೆದುಕೊಳ್ಳುವ ತನಕ ನೀನೂ ಬರಬೇಡ, ಮಗುವೂ ಬೇಡ ಎಂದ. ಭವ್ಯಶ್ರೀ ಸರಿ ಎಂದು ಫೋನಿಟ್ಟು ಮಗುವಿಗೆ ಹಾಲೂಡಿಸಲು ಕೂತಳು.

ನಾಮಕರಣ ನಮ್ಮ ಬೀದಿಯಲ್ಲಿ, ಕೆಂಚಮ್ಮನ ಬಾಡಿಗೆ ಮನೆಯಲ್ಲೇ ಆಯಿತು. ಗಂಡಿನ ಕಡೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಇಲ್ಲದೆ ನಾನೇ ಹೇಳಿದೆ. ಜವರಪ್ಪ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ, ಎಷ್ಟೋ ತಿಂಗಳ ಮೇಲೆ ಅವನು ನಗುತ್ತಿದ್ದ. ಕೆಂಚಮ್ಮ ಒಳಗೆ ಪಾಯಸದ ಪಾತ್ರೆಯ ಮುಂದೆ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳು ಸೌಟು ಆಡಿಸುವುದನ್ನು ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

“ಕಾನೂನು ಕೇಳಕ್ಕೆ ಹೋಗಿ, ಮಗಳ ಸಂಸಾರ ಕೊಟ್ಬುಟ್ಟು ಬಂದೆ ಕಣಕ್ಕ,” ಎಂದಳು.