ಅಬುಧಾಬಿಯಿಂದ ರೇಡಿಯೇಟರ್ ರಿಪೇರಿ

ಕಳೆದ ಗುರುವಾರ ಮಧ್ಯಾಹ್ನ ಮಗಳು ವೀಡಿಯೋ ಕಾಲ್ ಮಾಡಿದಳು. ಪರದೆಯ ಮೇಲೆ ಕಂಡದ್ದು ಒಂದು ಕಂಬಳಿ, ಒಂದು ಉಣ್ಣೆ ಟೋಪಿ, ಅವೆರಡರ ನಡುವೆ ಕೆಂಪಾದ ಒಂದು ಮೂಗು. ಮೂಗು ನಮ್ಮ ಮನೆತನದ್ದೇ ಆದ್ದರಿಂದ ಗುರುತು ಹಿಡಿದೆ.

"ಪಪ್ಪ, ಹೀಟಿಂಗ್ ಸರಿ ಇಲ್ಲ. ಇಟ್ಸ್ ಫ್ರೀಜಿಂಗ್ ಹಿಯರ್."

ನಿಧಿ ಸ್ಕಾಟ್ಲೆಂಡಿನಲ್ಲಿ ಓದುತ್ತಿದ್ದಾಳೆ. ಇದು ಅವಳ ಮೊದಲ ಚಳಿಗಾಲ. (ಮೊದಲ ಅಂದರೆ ಜೀವನದಲ್ಲೇ ಮೊದಲನೆಯದು. ಅಬುಧಾಬಿಯಲ್ಲಿ ಹುಟ್ಟಿ ಬೆಳೆದವರು ಜನವರಿಯಲ್ಲಿ ನಾಲ್ಕು ದಿನ ತೆಳು ಸ್ವೆಟರ್ ಹಾಕಿಕೊಂಡು ಅದನ್ನೇ ಚಳಿಗಾಲ ಅನ್ನುತ್ತಾರೆ.) ಜೊತೆಗಿದ್ದ ಮೂವರು ಹುಡುಗಿಯರು ರಜೆಗೆ ಅವರವರ ಮನೆಗೆ ಹೋಗಿಯಾಗಿತ್ತು. ಇವಳಿಗೆ ಪ್ರಾಜೆಕ್ಟ್. ರಜೆಯಲ್ಲಿ ಬರುವುದಿಲ್ಲ ಎಂದು ತಿಂಗಳ ಹಿಂದೆಯೇ ಘೋಷಿಸಿದ್ದಳು. ಅವತ್ತು ನಾನೂ ನನ್ನ ಹೆಂಡತಿ ಶೋಭಾಳೂ "ಓದು ಮುಖ್ಯ ಮಗಾ" ಎಂದು ಬಹಳ ದೊಡ್ಡವರ ಹಾಗೆ ಮಾತಾಡಿ, ಫೋನ್ ಇಟ್ಟ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡಿದ್ದೆವು.

"ಗೋಡೆಯಲ್ಲಿ ಥರ್ಮೋಸ್ಟಾಟ್ ಉಂಟಲ್ಲ, ಎಷ್ಟು ಡಿಗ್ರಿಯಲ್ಲಿದೆ?"

"ಸೆವೆಂಟೀನ್."

"ಹದಿನೇಳು ಎಲ್ಲಿಗೆ ಸಾಕಾಗ್ತದೆ? ಹತ್ತಕ್ಕೆ ಇಳಿಸು. ಫುಲ್ ಪವರ್ ಬರ್ಲಿ."

ಅವಳು ಇಳಿಸಿದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಶುಕ್ರವಾರ ರೇಡಿಯೇಟರ್ ಪೂರ್ತಿ ತಣ್ಣಗಾಗಿತ್ತು. (ಕಾರಿನ ರೇಡಿಯೇಟರ್ ಅಲ್ಲ. ಗೋಡೆಗೆ ತಗುಲಿಸಿದ ಕಬ್ಬಿಣದ ಹಲಗೆಯಂಥದ್ದು. ಅಡುಗೆಮನೆಯ ಬಾಯ್ಲರಿನಿಂದ ಬಿಸಿನೀರು ಅದರೊಳಗೆ ಸುತ್ತಿ ಹೋಗುತ್ತದೆ, ಕೋಣೆ ಬೆಚ್ಚಗಾಗುತ್ತದೆ.) ಆಫೀಸಿನಲ್ಲಿ ಕೂತು ನಾನು ಇಂಟರ್‌ನೆಟ್ಟಿನಲ್ಲಿ ಓದಿದ್ದೇ ಓದಿದ್ದು. ಒಳಗೆ ಗಾಳಿ ಸೇರಿರಬಹುದು, ನೀರಿನ ಪ್ರೆಷರ್ ಇಳಿದಿರಬಹುದು, ವಾಲ್ವ್ ಕಚ್ಚಿಕೊಂಡಿರಬಹುದು. ಬಾಯ್ಲರ್ ಕೆಟ್ಟರೆ ವಿಷಾನಿಲ ಸೋರಬಹುದು ಅಂತಲೂ ಓದಿದೆ. ಓದಬಾರದಿತ್ತು.

ನಾನು ಹೇಳಿದಂತೆ ಅವಳು ವಾಲ್ವ್ ತಿರುಗಿಸಿದಳು. ಸಣ್ಣ ಕೀ ಹುಡುಕಿ ಒಳಗಿನ ಗಾಳಿ ಹೊರಬಿಡಲು ನೋಡಿದಳು. ಗಾಳಿ ಬರಲಿಲ್ಲ, ಕಪ್ಪು ನೀರು ಚಿಮ್ಮಿ ಕಾಲುಚೀಲ ಒದ್ದೆಯಾಯಿತು.

"ಪಪ್ಪ, ಆರ್ ಯು ಶೂರ್?"

"ಶೂರ್" ಎಂದೆ. ಮನೆಯಿಂದ ಹೊರಟು ಲಿಫ್ಟಿನವರೆಗೆ ಹೋಗಿ, ಗ್ಯಾಸ್ ಆರಿಸಿದ್ದೇನಾ ಎಂದು ವಾಪಸು ಬರುವ ಮನುಷ್ಯ ನಾನು. ನನಗೆ ಯಾವುದರ ಬಗ್ಗೆ ಶೂರ್?

ಮನೆ ಮಾಲೀಕರ ಕಡೆಯವರು ಬರುವುದು ಸೋಮವಾರವಂತೆ. ಶನಿವಾರ ಬೆಳಿಗ್ಗೆ ಅವಳ ದನಿಯೇ ಬೇರೆಯಾಗಿತ್ತು.

"ಪಪ್ಪ, ಐ ವಾಂಟ್ ಟು ಕಮ್ ಹೋಮ್. ಸಂಜೆ ಫ್ಲೈಟಲ್ಲಿ ಸೀಟ್ ಉಂಟು. ಬುಕ್ ಮಾಡ್ಲಾ?"

"ಒಂದು ಗಂಟೆ ಕೊಡು ಮಗಾ. ಒಬ್ಬರನ್ನು ಕೇಳ್ತೇನೆ."

ಶೋಭಾ ಅಡುಗೆಮನೆಯಿಂದಲೇ ಕೂಗಿದಳು. "ಎಂತದು ಒಂದು ಗಂಟೆ ಮಾರಾಯ್ರೆ? ಬರ್ಲಿಕ್ಕೆ ಹೇಳಿ! ನಾನೀಗ ಮಾರ್ಕೆಟಿಗೆ ಹೋಗಿ ಅಂಜಲ್ ಮೀನು ತರ್ತೇನೆ."

ಹೋಮ್ ಅಂದಳಲ್ಲ, ಆ ಮಾತು ನನ್ನನ್ನು ಹಿಡಿದುಕೊಂಡಿತು. ನನಗೆ ಮನೆ ಅಂದರೆ ಇವತ್ತಿಗೂ ಉಡುಪಿಯ ಬಚ್ಚಲಿನ ಹೊಗೆಯ ವಾಸನೆ. ಅವಳಿಗೆ? ಟೂರಿಸ್ಟ್ ಕ್ಲಬ್ ಏರಿಯಾದ ಒಂಬತ್ತನೇ ಮಹಡಿಯ ಈ ಬಾಡಿಗೆ ಫ್ಲ್ಯಾಟ್. ಜೂನ್ ತಿಂಗಳ ಮಧ್ಯಾಹ್ನ ಸ್ಕೂಲ್ ಬಸ್ಸಿನಿಂದ ಇಳಿದು, ಬೆಂದ ಮುಖ ಹೊತ್ತುಕೊಂಡು ಬಾಗಿಲು ತೆಗೆದರೆ ಒಳಗಿನ ತಂಪು ಅವಳನ್ನು ಅಪ್ಪಿಕೊಳ್ಳುತ್ತಿತ್ತು. ಬ್ಯಾಗ್ ಬಿಸಾಡಿ ಎಸಿಯ ಕೆಳಗೆ ಎರಡೂ ಕೈ ಅಗಲಿಸಿ ನಿಲ್ಲುತ್ತಿದ್ದಳು. ಹೊರಗೆ ನಲವತ್ತೆಂಟು ಡಿಗ್ರಿ, ಒಳಗೆ ಹದಿನೆಂಟು, ಅದರ ಮೇಲೆ ದಪ್ಪ ಬ್ಲ್ಯಾಂಕೆಟ್ಟು, ಅದರೊಳಗೆ ನಾವು ಮೂವರು. ಲೋಕದಲ್ಲಿ ಬೇರೆ ಯಾರು ಹೀಗೆ ಬದುಕುತ್ತಾರೆ? ಚಳಿ ಎಂದರೆ ಮನೆ ಎಂದು ಕಲಿತ ಮಗು ಅದು. ಅದೇ ಚಳಿ ಈಗ ಅವಳನ್ನು ಪರದೇಶಿಯಾಗಿಸಿತ್ತು.

ನಾನು ಕೇಳಬೇಕೆಂದಿದ್ದವರು ಸದಾನಂದಣ್ಣ. ದುಬೈಯಲ್ಲಿ ಎಸಿ ಮೆಕ್ಯಾನಿಕ್ ಆಗಿ ಸೇರಿ, ಈಗ ಅಲ್ಲೇ ಫೋರ್‌ಮನ್. ಮದುವೆಗೆ ಮುಂಚೆ ನಾವು ಬರ್ ದುಬೈಯ ಒಂದೇ ರೂಮಿನಲ್ಲಿದ್ದವರು. ಆರು ಮಂಚ, ಒಂದು ವಿಂಡೋ ಎಸಿ. ಅದರ ಗುಂಡಿಗಾಗಿ ನಡೆದ ಜಗಳಗಳು ಆಸ್ತಿಗಾಗಿಯೂ ನಡೆಯಲಿಕ್ಕಿಲ್ಲ. ಎಸಿ ಹತ್ತಿರದ ಮಂಚದವನಿಗೆ ನೆಗಡಿ, ಬಾಗಿಲ ಬಳಿಯವನಿಗೆ ಬೆವರು. ಶುಕ್ರವಾರ ಸದಾನಂದಣ್ಣ ಎಸಿಯ ಫಿಲ್ಟರ್ ಬಿಚ್ಚಿ ತೊಳೆದರೆ, ನಾವು ಐವರು ಸಾಂಬಾರ್ ಕುದಿಸಿಕೊಂಡು ಅವರನ್ನು ದೇವರಂತೆ ನೋಡುತ್ತಿದ್ದೆವು. ಅಷ್ಟು ಇಕ್ಕಟ್ಟಿನಲ್ಲಿ ಅಷ್ಟು ನಗು ಹೇಗೆ ಹಿಡಿಸುತ್ತಿತ್ತೋ, ಈಗ ಮೂರು ಕೋಣೆಗಳಲ್ಲಿ ಹುಡುಕಿದರೂ ಸಿಗುವುದಿಲ್ಲ.

"ಕೋಣೆ ಈಗ ಎಷ್ಟು ಡಿಗ್ರಿ ಉಂಟಂತೆ?" ಎಂದು ಶುರುಮಾಡಿದರು ಸದಾನಂದಣ್ಣ.

"ಹದಿಮೂರು."

"ಥರ್ಮೋಸ್ಟಾಟ್ ಎಷ್ಟಕ್ಕೆ ಇಟ್ಟಿದ್ದು?"

"ಹತ್ತಕ್ಕೆ" ಎಂದೆ, ಹೆಮ್ಮೆಯಿಂದ.

ಆ ಕಡೆಯಿಂದ ಮೂವತ್ತು ವರ್ಷ ಹಳೆಯ ಅದೇ ನಗು. "ಮಾರಾಯ, ನೀನು ಹತ್ತು ಕೇಳಿದ್ದಿ, ಅದು ಹದಿಮೂರು ಕೊಟ್ಟಿದೆ. ಇನ್ನು ಬಾಯ್ಲರ್ ಯಾಕೆ ಓಡ್ತದೆ? ಅದು ಹೀಟರ್ ಮಾರಾಯ, ಎಸಿ ಅಲ್ಲ! ಮೇಲೆ ಏರಿಸ್ಲಿಕ್ಕೆ ಹೇಳು, ಇಪ್ಪತ್ತೊಂದಕ್ಕೆ. ಖಲಾಸ್!"

ನಾನು ಕೂತಲ್ಲೇ ತಣ್ಣಗಾದೆ. ಇಷ್ಟು ವರ್ಷ ಗಲ್ಫಿನಲ್ಲಿದ್ದು ನಾನು ಕಲಿತದ್ದು, ಮಗಳಿಗೆ ಕಲಿಸಿದ್ದು ಒಂದೇ: ಜೋರಾಗಬೇಕಾದರೆ ನಂಬರ್ ಇಳಿಸು. ಬಿಸಿ ಕೇಳುವ ಯಂತ್ರವೊಂದು ಇರಬಹುದು ಎಂದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ.

ತಕ್ಷಣ ಫೋನ್ ಮಾಡಿದೆನೆಂದು ನೀವು ತಿಳಿದಿದ್ದರೆ, ನಿಮಗೆ ನನ್ನ ಮೇಲೆ ಅಭಿಮಾನ ಹೆಚ್ಚಾಯಿತು.

ಮಾಡಲಿಲ್ಲ. ಚಹಾ ಮಾಡಿಕೊಂಡೆ. ಕುಡಿದೆ. ಲೋಟ ತೊಳೆದೆ. (ನಾನು ಲೋಟ ತೊಳೆದೆ ಎಂದರೆ ಪರಿಸ್ಥಿತಿ ಊಹಿಸಿ.) ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಸಂಜೆ ಅವಳು ವಿಮಾನ ಹತ್ತುತ್ತಾಳೆ. ಪ್ರಾಜೆಕ್ಟ್ ಸ್ವಲ್ಪ ಹಿಂದೆ ಬೀಳುತ್ತದೆ, ಬೀಳಲಿ. ನಾಳೆ ಈ ಸೋಫಾದ ಮೇಲೆ ಕಾಲು ಚಾಚಿ ಮಲಗಿರುತ್ತಾಳೆ.

ಶೋಭಾ ಮಾರ್ಕೆಟಿಗೆಂದು ಚಪ್ಪಲಿ ಹಾಕುತ್ತಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಹಾಕಿದ್ದ ಚಪ್ಪಲಿಯನ್ನು ಮೆಲ್ಲನೆ ಕಳಚಿಟ್ಟಳು.

"ಬೇಗ ಹೇಳಿ ಅವಳಿಗೆ" ಎಂದಳು. "ಮಗು ಅಲ್ಲಿ ನಡುಗ್ತಾ ಉಂಟು."

ಹೇಳಿದೆ. ನಿಧಿ ಥರ್ಮೋಸ್ಟಾಟಿನ ಕಡೆ ತಿರುಗಿ ನೋಡಿದಳು. "ಓ ಮೈ ಗಾಡ್, ಪಪ್ಪ! ವಿ ಆರ್ ಸಚ್ ದುಬೈ ಪೀಪಲ್!" ಎಂದು ನಕ್ಕಳು. (ಅಬುಧಾಬಿಯವರಿಗೆ ಇದು ಬೈಗುಳ.) ಇಪ್ಪತ್ತೊಂದಕ್ಕೆ ಏರಿಸಿದಳು. ಬಾಯ್ಲರ್ ಗುರ್ ಎಂದದ್ದು ನನಗೂ ಕೇಳಿಸಿತು. ಹತ್ತು ನಿಮಿಷದಲ್ಲಿ ಅಂಗೈಯನ್ನು ರೇಡಿಯೇಟರಿಗೆ ಒತ್ತಿ ಕಣ್ಣು ಮುಚ್ಚಿದಳು. ಟೋಪಿ ತೆಗೆದಳು. ಮಗಳ ಪೂರ್ತಿ ಮುಖ ನೋಡಿ ಮೂರು ದಿನವಾಗಿತ್ತು.

"ಥ್ಯಾಂಕ್ಸ್ ಪಪ್ಪ. ಇನ್ನು ಕೂತು ಕೆಲ್ಸ ಮಾಡ್ಬಹುದು. ಟಿಕೆಟ್ ಬೇಡ, ಓಕೆ? ಬೈ."

ಮಾಡಿದ ರಿಪೇರಿ ಸಕ್ಸಸ್ ಆಯಿತಲ್ಲಾ ಎಂದು ಇಷ್ಟು ಬೇಸರಪಟ್ಟ ಮೆಕ್ಯಾನಿಕ್ ಬೇರೆ ಯಾರಾದರೂ ನಿಮಗೆ ಗೊತ್ತೇ?