ಕಾಲುಸಂಕ ಕೇಳಿದ ಮೊಯಿದಿನಬ್ಬ

ಮೊಯಿದಿನಬ್ಬನವರ ಮನೆಯಿಂದ ಮಗಳು ರಾಫಿಯಾಳ ಮನೆ ಕೂಗಳತೆಯಲ್ಲಿದೆ. ನಡುವೆ ಒಂದು ತೋಡು, ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳ. ಅದನ್ನು ದಾಟಲು ಇದ್ದ ಮರದ ಸಂಕ ಮಳೆಗೆ ಕೊಚ್ಚಿಹೋದದ್ದರಿಂದ, ಮೊಮ್ಮಗಳು ಆಫ್ರಾ ಮೊದಲ ಹೆಜ್ಜೆ ಇಟ್ಟದ್ದನ್ನು ಅಜ್ಜಿ ರುಖಿಯಮ್ಮ ಈಚೆ ದಡದಲ್ಲಿ ನಿಂತು ವಿಡಿಯೊ ಕಾಲ್‌ನಲ್ಲಿ ನೋಡಬೇಕಾಯಿತು. ಪಂಚಾಯತಿಯವರು ಕಟ್ಟಿಸುತ್ತೇವೆಂದ ಕಾಂಕ್ರೀಟಿನ ಕಾಲುಸಂಕ ಎಲ್ಲಿ ಹೋಯಿತು? ಮೆಲ್ಕಾರ್‌ನಲ್ಲಿ ಒಣಮೀನು ಮಾರಿ ನಿವೃತ್ತರಾದ ಮೊಯಿದಿನಬ್ಬ ಮಾಹಿತಿ ಹಕ್ಕು ಎಂಬ ಬ್ರಹ್ಮಾಸ್ತ್ರವನ್ನು ಕೈಗೆತ್ತಿಕೊಂಡರು.

ಆದರೆ ಅವರು ಮರ್ಯಾದಸ್ಥರು. ಯಾರ ಮನೆಗೆ ಹೋದರೂ ಬಂದ ವಿಷಯವನ್ನು ಬಾಗಿಲಲ್ಲೇ ಒದರುವವರಲ್ಲ. ದನ, ಬಾವಿ, ಗಲ್ಫಿನಲ್ಲಿರುವ ಮಗ, ಮಂಡಿನೋವು ಎಲ್ಲ ವಿಚಾರಿಸಿ, ಚಹಾ ಮುಗಿದು ಚಪ್ಪಲಿ ಮೆಟ್ಟುವಾಗ, “ಹಾಂ, ಇನ್ನೊಂದು ವಿಷಯ” ಎನ್ನುವುದು ನಮ್ಮ ಕಡೆಯ ಕ್ರಮ. ಅರ್ಜಿಯಲ್ಲೂ ಹಾಗೆಯೇ ಮಾಡಿದರು. ಬೀದಿದೀಪಗಳೆಷ್ಟು, ಉರಿಯುವುದೆಷ್ಟು, ಗ್ರಂಥಾಲಯದ ಬೀಗದ ಕೈ ಯಾರ ಬಳಿ, ಇದುವರೆಗಿನ ಅಧ್ಯಕ್ಷರೆಲ್ಲ ಈಗ ಎಲ್ಲಿದ್ದಾರೆ, ಕಚೇರಿಯ ಹಿಂದಿನ ಹಲಸಿನ ಹಣ್ಣು ವರ್ಷವರ್ಷವೂ ಯಾರ ಹೊಟ್ಟೆ ಸೇರುತ್ತದೆ... ಹೀಗೆ ಪುಟಗಟ್ಟಲೆ ಕುಶಲ ವಿಚಾರಿಸಿ, ಕಟ್ಟಕಡೆಗೆ, ಸಹಿಯ ನೆತ್ತಿಯ ಮೇಲೆ, ನಾಚುತ್ತ ಕಾಲುಸಂಕವನ್ನು ಕೂರಿಸಿದರು.

ಅರ್ಜಿ ತಿರಸ್ಕೃತವಾಗಿ ಬಂತು.

“ಸಂಕವನ್ನು ಮೊದಲೇ ಬರೆದಿದ್ರೆ ನಿಮಗೆ ಏನಾಗ್ತಿತ್ತು?” ಎಂದು ರುಖಿಯಮ್ಮ ಸಿಡಿದರು.

“ಹೋದ ಕೂಡಲೇ ಕೇಳುವುದಾ? ಅವರು ಏನು ಗ್ರಹಿಸಬೇಕು!”

ಮರುದಿನ ವೀರರು ಖುದ್ದಾಗಿ ಪಂಚಾಯತಿಗೆ ನಡೆದರು. ಅಧಿಕಾರಿ ಸುರಕ್ಷಾ ಅವರು ಕುರ್ಚಿ ತೋರಿಸಿದರು.

“ಸಾಹೇಬ್ರೇ, ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದದ ಒಳಗೆ, ಹಾಗೆ ನಿಯಮ ಉಂಟು. ಇಷ್ಟಕ್ಕೆಲ್ಲ ಉತ್ತರ ಹುಡುಕ್ಲಿಕ್ಕೆ ಕೂತರೆ ನಾವು ನಳ್ಳಿನೀರು ಬಿಡುವುದು ಯಾವಾಗ?”

“ಹಾಗಾದ್ರೆ ನಮಗೆ ತಿಳಿಯುವ ಹಕ್ಕಿಲ್ವಾ ಮೇಡಂ?”

“ಉಂಟು. ಜಾಸ್ತಿ ಕೇಳಿದ್ರಿ ಅಂತ ಪೂರಾ ಇಲ್ಲ ಅನ್ನುವ ಹಾಗೂ ಇಲ್ಲ. ಕಡತ ನೀವೇ ಬಂದು ನೋಡಬಹುದು. ಆದ್ರೆ ಯಾವುದು ಬೇಕು? ಒಂದು ಹೇಳಿ.”

ಮೊಯಿದಿನಬ್ಬನವರ ಎದೆಯಲ್ಲಿ ಘೋರ ಕದನ ನಡೆಯಿತು. ಕಿಟಕಿಯಾಚೆ ಹಲಸು ಘಮಘಮಿಸುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿ, “ಸಂಕ” ಎಂದರು.

“ಅದಾ! ಅದಕ್ಕೆ ಅರ್ಜಿ ಯಾಕೆ ಮಾರಾಯ್ರೇ? ಇಂಜಿನಿಯರ್ ಬಂದು, ಜಾಗ ತೋರಿಸುವವರಿಲ್ಲದೆ ವಾಪಸ್ ಹೋಗಿದ್ದಾರೆ. ನಾಳೆ ಪುನಃ ಬರ್ತಾರೆ. ನೀವು ಅಲ್ಲೇ ಇರಿ.”

ಇಂಜಿನಿಯರ್ ಬಂದ. ಮೊಯಿದಿನಬ್ಬ ಅವನ ಕೈ ಹಿಡಿದುಕೊಂಡು, “ನಿಮ್ಮದು ಬೆಳ್ತಂಗಡಿಯಾ? ಅಲ್ಲಿ ಮಳೆ ಹೇಗೆ? ಮನೆಯಲ್ಲಿ ಯಾರೆಲ್ಲ ಇದ್ದಾರೆ?” ಎಂದು ಶುರುಮಾಡುವಷ್ಟರಲ್ಲಿ ರುಖಿಯಮ್ಮ ತೋಡಿನ ಅಂಚಿಗೆ ಇಳಿದು, ಬಂಡೆಯೊಂದರ ಮೇಲೆ ನಿಂತೇಬಿಟ್ಟರು.

“ಇಲ್ಲಿ ಮಗಾ, ಇಲ್ಲಿಂದಲೇ. ಮಳೆ ಬಿಟ್ಟ ಕೂಡಲೇ ಕೆಲಸ ಶುರುವಾಗಬೇಕು.”

ಇಂಜಿನಿಯರ್ ಅಳತೆಯ ಟೇಪಿನ ತುದಿಗೆ ತುಂಡುಕೋಲು ಕಟ್ಟಿ ಆಚೆ ದಡಕ್ಕೆ ಎಸೆದ. ರಾಫಿಯಾ ಹಿಡಿದುಕೊಂಡಳು. ಅವಳ ಸೊಂಟದಲ್ಲಿದ್ದ ಆಫ್ರಾ ಟೇಪನ್ನು ಎರಡೂ ಕೈಯಿಂದ ಜಗ್ಗತೊಡಗಿದಳು.

“ಬಿಡಬೇಡ ಮೋಳೇ!” ಎಂದು ಅಜ್ಜಿ ಮೊಮ್ಮಗಳಿಗೆ ಕೂಗಿದರು.