ಕಲ್ಲಿಕೋಟೆ ಸುತ್ತಿ ಬಂದ ಕಾರ್ಡುಗಳು

ಅಂದು ನಮ್ಮ ಅಂಗಳದಲ್ಲಿ ಮರಗೆಣಸು ಬೇಯಿಸುವ ಕೆಲಸ. ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ, ದೊಡ್ಡ ತಾಮ್ರದ ಹಂಡೆಯಲ್ಲಿ ಅರೆಬೇಯಿಸಿ ಬಂಡೆಯ ಮೇಲೆ ಒಣಹಾಕಿಟ್ಟರೆ ಮಳೆಗಾಲದ ಊಟಕ್ಕೆ ಚಿಂತೆಯಿಲ್ಲ. ಒಂದು ಮನೆಯ ಗೆಣಸಿಗೆ ನಾಲ್ಕು ಮನೆಯ ಹೆಂಗಸರು ಸೇರುವುದು ಇಲ್ಲಿನ ಪದ್ಧತಿ. ನಾನು ಹೆಚ್ಚುತ್ತಿದ್ದೆ. ಹೋಳುಗಳು ಒಂದು ದಪ್ಪ, ಒಂದು ತೆಳು.

"ಬರೆಯೋ ಕೈ ಅಲ್ವಾ, ಕತ್ತಿ ಹಿಡಿದ್ರೂ ಕೊಂಬು, ದೀರ್ಘ ಎಲ್ಲ ಹಾಕ್ತಾಳೆ" ಎಂದರು ಪಕ್ಕದ ಗೌಡರ ಮನೆಯ ಅಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕ್ರೈಸ್ತ ಸಭೆಯ ಕನ್ನಡ ಮಾಸಪತ್ರಿಕೆಗೆ ನಾನು ಆಗಾಗ ಬರೆಯುತ್ತಿದ್ದೆ. ಮಕ್ಕಳ ಜ್ವರ ಇಳಿದದ್ದು, ಬಾವಿ ಬತ್ತದೆ ಉಳಿದದ್ದು, ದೇವರು ದಿನಕ್ಕೊಂದರಂತೆ ಮಾಡಿದ ಇಂಥ ಸಣ್ಣ ದಯೆಗಳು. ಹಾಸನದ ಆಚೆಯ ಹಳ್ಳಿಯಿಂದ ಮಲಯಾಳದ ಮನೆಗೆ ಸೊಸೆಯಾಗಿ ಬಂದವಳಿಗೆ ಅದೊಂದೇ ಹವ್ಯಾಸ. ಸಂಜೆಯ ಪ್ರಾರ್ಥನೆಯನ್ನು ಎಲ್ಲರ ಜೊತೆ ಮಲಯಾಳದಲ್ಲಿ ಹೇಳಿ, ಆಮೇಲೆ ಅಮ್ಮ ಕಲಿಸಿದ್ದನ್ನು ಕನ್ನಡದಲ್ಲಿ ಬಾಯೊಳಗೇ ಇನ್ನೊಮ್ಮೆ ಹೇಳಿಕೊಳ್ಳುತ್ತಿದ್ದೆ.

ಅಂಚೆಯವರು ಸೈಕಲ್ಲನ್ನು ಬೇಲಿಗೆ ಒರಗಿಸಿ ಒಳಗೆ ಬಂದರು. ಸಾಮಾನ್ಯವಾಗಿ ಬೇಲಿಯಾಚೆಯಿಂದಲೇ ಕೂಗುವವರು. ಗಡಿಯ ಕನ್ನಡ ಬಲ್ಲವರು, ಅಕ್ಕ ಎಂದು ಕರೆಯುವುದು ಮಾತ್ರ ಮಲಯಾಳದಲ್ಲಿ.

"ಚೇಚಿ, ಕೈ ತೊಳ್ಕೊಂಡು ಬನ್ನಿ" ಎಂದರು.

ಎರಡು ಕಾರ್ಡು. ಒಂದರ ಮೂಲೆ ಹರಿದಿತ್ತು. ಸಾವಿನ ಸುದ್ದಿಯ ಕಾಗದಕ್ಕೆ ಮೂಲೆ ಹರಿಯುವುದು ನಮ್ಮ ಕಡೆಯ ರೂಢಿ. ನಾನು ಹರಿಯದ ಕಾರ್ಡನ್ನೇ ಮೊದಲು ಓದಿದೆ. ಅಣ್ಣನ ಅಕ್ಷರ. ಅಮ್ಮನಿಗೆ ಹುಷಾರಿಲ್ಲ, ನಿನ್ನನ್ನೇ ಕೇಳುತ್ತಿದ್ದಾಳೆ, ಇದು ಕೈಸೇರಿದ ಕೂಡಲೇ ಹೊರಡು. ಅದನ್ನು ಬರೆದು ಹದಿನೈದು ದಿನವಾಗಿತ್ತು. ಎರಡನೆಯದರಲ್ಲಿ, ಅಮ್ಮ ಶುಕ್ರವಾರ ಬೆಳಿಗ್ಗೆ ತೀರಿಕೊಂಡಳು, ಚರ್ಚಿನ ಗುರುಗಳು ಬಂದು ಪವಿತ್ರ ತೈಲ ಹಚ್ಚಿ ಕೊನೆಯ ಅಭ್ಯಂಗ ಕೊಟ್ಟಿದ್ದರು, ಶನಿವಾರ ಮಧ್ಯಾಹ್ನದ ಬಸ್ಸಿನ ತನಕ ನಿನ್ನ ದಾರಿ ನೋಡಿ ಮಣ್ಣು ಮಾಡಿದೆವು ಎಂದಿತ್ತು. ಕೊನೆಯಲ್ಲಿ ಒಂದು ಸಾಲು: ನಿನಗೆ ಬರಲು ಮನಸ್ಸಾಗಲಿಲ್ಲವೇನೋ.

"ಹಳೇ ಜಿಲ್ಲೆ ಹೆಸರು ಬರ್ದವ್ರೆ" ಎಂದರು ಅಂಚೆಯವರು. "ಕಲ್ಲಿಕೋಟೆಗಿಳಿದು, ಅಲ್ಲೆಲ್ಲ ಸುತ್ತಿ, ತಿರುಗಿ ಘಾಟಿ ಹತ್ತಿವೆ. ಮುದ್ರೆ ನೋಡಿ."

ನೋಡಬೇಕಾಗಿರಲಿಲ್ಲ. ನಮ್ಮ ವಯನಾಡು ಕಲ್ಲಿಕೋಟೆಯಿಂದ ಬೇರೆ ಜಿಲ್ಲೆಯಾದ ಮೇಲೆ ಅಂಚೆಯವರೇ ಎರಡು ಸಲ ಹೇಳಿದ್ದರು, "ಜಿಲ್ಲೆ ಹುಟ್ಟಿ ವರ್ಷ ಆಯ್ತು ಚೇಚಿ, ತೌರಿಗಿನ್ನೂ ಹೆಸ್ರು ಹೇಳಿಲ್ವಾ?" ಎಂದು. ಪತ್ರಿಕೆಗೆ ಕಳಿಸಿದ ಲಕೋಟೆಯ ಮೇಲೆ ಹೊಸ ಜಿಲ್ಲೆಯ ಹೆಸರನ್ನು ದುಂಡಗೆ ಬರೆದಿದ್ದೆ. ಅಮ್ಮನಿಗೆ ಬರೆಯುವುದು ಮಾತ್ರ ಈ ಲೇಖನ ಮುಗಿಯಲಿ, ಈ ಕಾಫಿ ಕೊಯ್ಲು ಮುಗಿಯಲಿ ಎಂದು ಹಾಗೆಯೇ ಉಳಿದಿತ್ತು.

"ಎಂದಾ ಮೋಳೆ?" ಏನಾಯ್ತು ಮಗಳೇ ಎಂದು ಹಂಡೆಯ ಬಳಿಯಿಂದ ಅತ್ತೆ ಕೇಳಿದರು.

ಅಮ್ಮ ಹೋದರು ಎಂದು ಮಲಯಾಳದಲ್ಲಿ ಹೇಳಿದೆ. ಬೇರೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಕೇಳಿಸಿತು. ಅತ್ತೆ ಶಿಲುಬೆಯ ಗುರುತು ಮಾಡಿಕೊಂಡರು. ಕೆಲಸ ನಿಲ್ಲಿಸುವಂತಿರಲಿಲ್ಲ, ಹೆಚ್ಚಿದ ಗೆಣಸು ನಾಳೆಗೆ ಕಪ್ಪಾಗುತ್ತದೆ. ನನ್ನ ಗಂಡ ದೋಣಿಯಲ್ಲಿ ಹೊಳೆ ದಾಟಿ ಬೈರಕುಪ್ಪೆಗೆ ಹೋಗಿದ್ದರು.

"ಒಳಕ್ಕೋಗವ್ವ ನೀನು, ನಾವು ಮುಗಿಸ್ತೀವಿ" ಎಂದು ಗೌಡರ ಮನೆಯ ಅಕ್ಕ ನನ್ನ ಕತ್ತಿಯನ್ನು ತಮ್ಮ ಕಡೆ ಎಳೆದುಕೊಂಡರು.

ಅಳು ಬರಲಿಲ್ಲ. ತೊಳೆದರೂ ಬೆರಳಿಗೆ ಗೆಣಸಿನ ಹಾಲು ಹತ್ತಿಕೊಂಡೇ ಇತ್ತು. ಅದನ್ನೇ ಉಜ್ಜುತ್ತ ನಿಂತೆ. ದಯೆಗಳನ್ನು ಎಣಿಸುವ ಅಭ್ಯಾಸ ಆಗಲೂ ಬಿಡಲಿಲ್ಲ. ಅಮ್ಮನಿಗೆ ಅಭ್ಯಂಗ ಸಿಕ್ಕಿತು. ಎರಡೂ ಕಾರ್ಡು ಒಟ್ಟಿಗೆ ಬಂದದ್ದರಿಂದ, ಬದುಕಿದ್ದಾಳೆಂದು ಬಸ್ಸಿನ ದಾರಿಯುದ್ದಕ್ಕೂ ಆಸೆಪಡುವುದು ತಪ್ಪಿತು. ಮೂರನೆಯ ದಯೆಗಾಗಿ ಹುಡುಕಿದೆ. ಸಿಗಲಿಲ್ಲ.

ಅಂಚೆಯವರು ಹೋಗಿರಲಿಲ್ಲ. ಚೀಲದಿಂದ ಖಾಲಿ ಕಾರ್ಡು ತೆಗೆದು, ಪೆನ್ನನ್ನೂ ಕೊಟ್ಟರು.

"ಅಂಚೆಲಿ ತಡ ಆಯ್ತು ಅಂತ ಬರ್ದುಬಿಡಿ. ಸುಳ್ಳೇನಲ್ವಲ್ಲ."

ಸುಳ್ಳಲ್ಲ. ಜಗಲಿಯ ಮೇಲೆ ಕೂತು ಹಾಗೆಯೇ ಶುರುಮಾಡಿದೆ. ಆ ಮಾತನ್ನು ಅಣ್ಣ ನಂಬುತ್ತಿದ್ದ, ನನ್ನ ಮೇಲಿನ ಸಿಟ್ಟೂ ಹೋಗುತ್ತಿತ್ತು. ಆದರೆ ಶನಿವಾರದ ಬಸ್ಸು ಕಣ್ಣಿಗೆ ಬಂತು. ಬಸ್ಸಿನಿಂದ ಒಬ್ಬೊಬ್ಬರೇ ಇಳಿಯುವುದನ್ನು ಅವನು ರಸ್ತೆಯಲ್ಲಿ ನಿಂತು ನೋಡಿರಬೇಕು. ಬರೆದ ಸಾಲನ್ನು ಹೊಡೆದುಹಾಕಿದೆ. ಅದರ ಕೆಳಗೆ ಬರೆದೆ: ಜಿಲ್ಲೆ ಬದಲಾದದ್ದನ್ನು ನಾನು ನಿಮಗೆ ತಿಳಿಸಲಿಲ್ಲ. ತಿಳಿಸಿ ಅಂತ ಇಲ್ಲಿ ಹೇಳಿದ್ದರೂ ತಿಳಿಸಲಿಲ್ಲ. ಕಾರ್ಡು ಇವತ್ತು ಸಿಕ್ಕಿತು. ತಪ್ಪು ನನ್ನದು. ತಿಂಗಳ ಪೂಜೆಗೆ ಬರುತ್ತೇನೆ, ಬರಬೇಡ ಎನ್ನಬೇಡ.

ಅಂಚೆಯವರು ಅದನ್ನು ಓದಿದರು, ಓದಿದ್ದನ್ನು ಮುಚ್ಚಿಡಲೂ ಇಲ್ಲ. ಚೀಲಕ್ಕೆ ಹಾಕಿಕೊಂಡು ಹೊರಟರು.

ಕೊಟ್ಟಿಗೆಯಲ್ಲಿ ಹಸು ಕೂಗಿತು. ಬೆಳಗಿನಿಂದ ಅದಕ್ಕೆ ನೀರು ತೋರಿಸಿರಲಿಲ್ಲ. ಬಾವಿಗೆ ಹೋಗಿ ಎರಡು ಕೊಡ ಸೇದಿ ಬಾನಿಗೆ ಸುರಿದೆ.